ಏಳನೇ ನಂಬರಿನ ಚಕ್ರ

ಪ್ರಯೋಗಾಲಯದ ಆ ಕೋಣೆಯಲ್ಲಿ ಹಗಲೇ ರಾತ್ರಿ. ಇಲಿಗಳು ಕತ್ತಲಾದರಷ್ಟೇ ಓಡುತ್ತವೆಂದು ಅವಕ್ಕೂ ಮಂಕುಬೂದಿ ಎರಚಿ, ಮಂದ ಕೆಂಪು ದೀಪವೊಂದನ್ನು ಮಾತ್ರ ಉರಿಸಿದ್ದರು. ಎಲ್ಲವೂ ದುರ್ಬಲ ಹೃದಯದ ಇಲಿಗಳು. ಒಂದೊಂದು ಪಂಜರದಲ್ಲಿ ಒಂದೊಂದು ಇಲಿ, ಒಂದೊಂದು ಚಕ್ರ. ಹೊಟ್ಟೆಯೊಳಗೆ ಹೊಲಿದಿಟ್ಟ ಪುಟ್ಟ ಯಂತ್ರ ಎದೆಬಡಿತವನ್ನು ಕಂಪ್ಯೂಟರಿಗೆ ಕಳಿಸುತ್ತಿತ್ತು; ಚಕ್ರದ ಸುತ್ತುಗಳ ಲೆಕ್ಕವೂ ಅಲ್ಲೇ ದಾಖಲಾಗುತ್ತಿತ್ತು. ನೋಡಿಕೊಳ್ಳುವ ಹೆಂಗಸಿಗೆ ಇದ್ದ ನಿಯಮ ಒಂದೇ: ಚಕ್ರ ಮುಟ್ಟಕೂಡದು. ಇಲಿ ಮನಸ್ಸು ಬಂದರೆ ಓಡಬೇಕು, ಇಲ್ಲವಾದರೆ ಇಲ್ಲ. ಪ್ರತಿ ಓಟದ ಮುಂದೆ ‘ತಾನಾಗಿ’ ಎಂದು ಬರೆದು ಅವಳು ಸಹಿ ಹಾಕಬೇಕು.

ಏಳನೇ ನಂಬರಿನದು ಮಹಾ ಸೋಮಾರಿ. ಒಂದು ದಿನ ನಾಲ್ಕೂಕಾಲಿಗೆ ಅದು ಚಕ್ರದೊಳಗೆ ಆರಾಮಾಗಿ ಕೂತಿದ್ದನ್ನು ಕಂಡು ಅವಳಿಗೆ ರೇಗಿತು. ಬೆರಳಿನಿಂದ ಚಕ್ರವನ್ನು ಒಮ್ಮೆ ನೂಕಿದಳು. ಇಲಿ ಓಡಿತು. ಎದೆಬಡಿತದ ಗೆರೆ ಏರಿತು, ಇನ್ನೂ ಏರಿತು, ಆಮೇಲೆ ಚಪ್ಪಟೆಯಾಯಿತು. ನಿಜ ಬರೆದರೆ ಕೆಲಸಕ್ಕೇ ಸಂಚಕಾರ. ‘ತಾನಾಗಿ’ ಎಂದೇ ಬರೆದಳು.

ಆ ಪದ ಅವಳಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ, ಹೃದಯದ ಕಾಯಿಲೆಯಿದ್ದ ಗಂಡ ಬೇಡವೆಂದರೂ ಬಿಡದೆ, “ಏಳ್ರೀ, ನಾಲ್ಕು ಹೆಜ್ಜೆ ಹಾಕ್ಕೊಂಡು ಬನ್ನಿ” ಎಂದು ಬೆನ್ನಿಗೆ ಕೈಕೊಟ್ಟು ಬಾಗಿಲಾಚೆ ನೂಕಿದ್ದಳು. ಬೀದಿಯ ತಿರುವು ದಾಟಲಿಲ್ಲ ಆತ. “ನನ್ನ ಮಗ ಪುಣ್ಯವಂತ, ತಾನಾಗಿ ನಡ್ಕೊಂಡು ಹೋದ” ಎಂದು ಅತ್ತೆ ಇವತ್ತಿಗೂ ಬಂದವರ ಮುಂದೆ ಹೇಳುತ್ತಾರೆ. ಇವಳು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ವಾರ ಕಳೆದ ಮೇಲೆ ವಿಜ್ಞಾನಿ ಕರೆದರು.

“ನೋಡಮ್ಮ, ಖಾಲಿ ಪಂಜರದ ಚಕ್ರ ದಿನಾ ನಾಲ್ಕೂಕಾಲಿಗೆ ಮೂರು ಸುತ್ತು ಸುತ್ತಿದೆ. ಸತ್ತ ಮೇಲಾದ್ರೂ ನಿನ್ನ ಸೋಮಾರಿಗೆ ಬುದ್ಧಿ ಬಂತು!”

ಅವರು ನಕ್ಕರು.

ಮರುದಿನ ನಾಲ್ಕಕ್ಕೇ ಹೋಗಿ ಆ ಪಂಜರದ ಮುಂದೆ ನಿಂತಳು. ಅಕ್ಕಪಕ್ಕದ ಚಕ್ರಗಳು ಗರಗರ ತಿರುಗುತ್ತಿದ್ದವು. ಏಳನೆಯದು ಅಲುಗಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ನಾಲ್ಕೂಕಾಲಿಗೆ ಬಂತು. ಅವಳಿಗೆ ಭಯ ತಡೆಯಲಾಗಲಿಲ್ಲ.

“ಬೇಡ ಕಣ್ರೀ, ಕೂತ್ಕೊಳ್ಳಿ. ಇವತ್ತು ಹೋಗ್ಬೇಡಿ” ಎಂದು ಕಣ್ಣು ಮುಚ್ಚಿಕೊಂಡಳು.

ಚಕ್ರ ಸುತ್ತಿತು. ಒಂದು, ಎರಡು, ಮೂರು.

ಕಣ್ಣು ಬಿಟ್ಟು ನೋಡಿದರೆ, ಕಂಬಿಯ ಸಂದಿಯಲ್ಲಿ ಅವಳದೇ ಬೆರಳು.

ಇಲಿ ಸತ್ತ ದಿನದ ಹಾಳೆ ತೆಗೆದು ‘ತಾನಾಗಿ’ ಎಂಬುದರ ಮೇಲೆ ಗೀಟು ಎಳೆದಳು. ಪಕ್ಕದಲ್ಲಿ ‘ನಾನು ನೂಕಿದೆ’ ಎಂದು ಬರೆದು ವಿಜ್ಞಾನಿಯ ಮೇಜಿನ ಮೇಲಿಟ್ಟಳು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಅವಳು ಹೇಳಿದಳು:

“ಅತ್ತೆ, ಅವತ್ತು ಅವರು ತಾವಾಗಿ ಹೋಗ್ಲಿಲ್ಲ.”