ಫೆಲಿಸ್ಮಿನಾಳ ಹಸಿರು

ಒಟೀಲಿಯಾ ತೀರಿಕೊಂಡ ತಾಯಿ ಫೆಲಿಸ್ಮಿನಾಳ ಗದ್ದದ ಕೆಳಗೆ ಹಸಿರು ತಲೆವಸ್ತ್ರದ ಗಂಟು ಬಿಗಿಯುತ್ತಿದ್ದಾಗ ಸೋದರತ್ತೆ ಜೆನೊವೇವಾ ಅವಳ ಕೈ ಹಿಡಿದಳು.

"ಬಿಚ್ಚೇ ಅದನ್ನ. ಕಪ್ಪು ತಂದಿದೀನಿ."

"ಅಮ್ಮ ಯಾವತ್ತಾದ್ರೂ ಕಪ್ಪು ಕಟ್ಟಿದ್ಲಾ ಅತ್ತೆ? ಅಪ್ಪ ಬಂದೇ ಬರ್ತಾನೆ ಅಂತ ಸಾಯೋವರೆಗೂ ಹಸಿರೇ ಕಟ್ಟಿದೋಳು. ಮಣ್ಣಿಗೂ ಹಾಗೇ ಹೋಗ್ಲಿ."

ಪಕ್ಕದ ಮನೆಯ ಅಲ್ಬೆರ್ತೀನಾ ಮೂಗು ಒರೆಸಿಕೊಂಡಳು. "ಇರ್ಲಿ ಬಿಡು ಜೆನೊವೇವಾ. ಅಲ್ಲಿ ಮೇಲೆ ನಿನ್ನಣ್ಣನಿಗೆ ಗುರುತಾದ್ರೂ ಸಿಗುತ್ತೆ."

"ನೀನು ಕಾಫಿಗೆ ಬಂದೋಳು, ಹೋಗಿ ಕುಡಿ."

*

ಫೆಲಿಸ್ಮಿನಾಳ ಗಂಡ ಬೆಲ್ಮಿರೊ ಕಾಡ್ ಮೀನು ಹಿಡಿಯುವ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿನ ಕಡೆ ಹೋದಾಗ ಮಗಳು ಒಟೀಲಿಯಾ ತೊಟ್ಟಿಲಲ್ಲಿದ್ದಳು. ಮಂಜು ಕವಿದ ದಿನ, ಮೀನು ಹಿಡಿಯಲು ಹಡಗಿನಿಂದ ಇಳಿದ ಅವನ ಒಂಟಿ ದೋಣಿ ಮರಳಲಿಲ್ಲ. ಶವ ಸಿಗಲಿಲ್ಲ.

ಅವರ ಮಿನ್ಯೊ ಸೀಮೆಯ ಹಾಡುಗಳಲ್ಲಿ ಹಸಿರೆಂದರೆ ಭರವಸೆ, ಕಪ್ಪೆಂದರೆ ಶೋಕ. ಫೆಲಿಸ್ಮಿನಾ ಹಸಿರು ಕಟ್ಟಿಕೊಂಡು ಊರಿನ ಹಾಡಿನ ತಂಡದಲ್ಲಿ ಮೇಲ್ದನಿಗೆ ನಿಂತಳು. ಊರು ಅವಳ ನಿಷ್ಠೆಯನ್ನು ಕೊಂಡಾಡಿತು. ಮಗಳು ನಂಬಿದಳು. ಅಪ್ಪನೇ ಕೈಹಿಡಿದು ಚರ್ಚಿಗೆ ಕರೆದೊಯ್ಯಲಿ ಎಂದು ಮದುವೆ ಮುಂದೂಡುತ್ತ ಬಂದಳು. ಮದುವೆಯಾಗಬೇಕಿದ್ದ ಆಲ್ವಾರೊ ಕಾದು ಸಾಕಾಗಿ ಫ್ರಾನ್ಸಿಗೆ ಹೋದ.

*

ಅಲ್ಬೆರ್ತೀನಾ ಹೊರಗೆ ಹೋದ ಮೇಲೆ ಜೆನೊವೇವಾ ಬಾಗಿಲು ಮುಚ್ಚಿದಳು.

"ನಿಮ್ಮಮ್ಮ ಕಾಯ್ಲಿಲ್ಲ ಮಗಾ. ಸುದ್ದಿ ಬಂದ ದಿನವೇ ಬೆಲ್ಮಿರೊ ಸತ್ತ ಅಂತ ಎದೆ ಬಡ್ಕೊಂಡು ಅತ್ಲು. ಮಾರನೇ ದಿನ, 'ಕಪ್ಪು ಕಟ್ಟಿದ್ರೆ ಹಾಡೋಕೆ ಬಿಡ್ತಾರಾ?' ಅಂದ್ಲು. ಗಂಡ ಸತ್ತೋಳು ಹಾಡೋ ಹಾಗಿಲ್ಲ ಅಂದೆ. ಹಸಿರು ಕಟ್ಕೊಂಡ್ಲು."

"ಹಾಡೋಕಾ?"

"ಹಾಡೋಕೆ. ನಮ್ಮಣ್ಣನ ಆತ್ಮಶಾಂತಿಗೆ ಚರ್ಚಲ್ಲಿ ಒಂದು ಬಲಿಪೂಜೆ ಮಾಡ್ಸೋಕೂ ಬಿಡ್ಲಿಲ್ಲ. ಮಾಡ್ಸಿದ್ರೆ ಸತ್ತ ಅಂತ ಒಪ್ಪಿದ ಹಾಗಲ್ವಾ?"

"ನನಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಅವಳ ಬಾಯಿ ಮುಚ್ತಿತ್ತು. ಅಷ್ಟು ಚೆನ್ನಾಗಿ ಹಾಡ್ತಿದ್ಲು, ಹಾಳಾದೋಳು."

ಒಟೀಲಿಯಾ ತಾಯಿಯ ಕಡೆ ತಿರುಗಿದಳು. ಗಂಟು ಬಿಚ್ಚಿದಳು. ಬಟ್ಟೆಯ ಸುಕ್ಕು ಸವರಿ, ಮತ್ತೆ ಅದೇ ಹಸಿರನ್ನು ಕಟ್ಟಿದಳು. ಅತ್ತೆ ತಂದಿದ್ದ ಕಪ್ಪನ್ನು ತನ್ನ ತಲೆಗೆ ಸುತ್ತಿಕೊಂಡಳು.

ಸಮಾಧಿಯ ಬಳಿ ಪಾದ್ರಿ, "ಪ್ರಭುವೇ, ಫೆಲಿಸ್ಮಿನಾಳ ಆತ್ಮಕ್ಕೆ ಶಾಂತಿ ಕೊಡು," ಎಂದರು.

"ಬೆಲ್ಮಿರೊನ ಆತ್ಮಕ್ಕೂ," ಎಂದಳು ಒಟೀಲಿಯಾ, ಎಲ್ಲರಿಗೂ ಕೇಳುವಂತೆ.

ಪಾದ್ರಿ ತಲೆಯೆತ್ತಿದರು. ತಂಡದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೆನೊವೇವಾ ಅಗೆದ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತು, ನಿನ್ನೆಯಷ್ಟೇ ಸುದ್ದಿ ಕೇಳಿದವಳಂತೆ, ಅಣ್ಣನ ಹೆಸರು ಕರೆದು ಅಳತೊಡಗಿದಳು.