ಮೂರು ಸಾಲಿನ ನೀರು

ಯಗಟಿಯಿಂದ ಕಡೂರಿಗೆ ಹೋಗುವ ದಾರಿಯಲ್ಲಿ, ಯಾವ ಕಡೆಯಿಂದ ಹೊರಟರೂ ಕಾಲು ಸೋತು ಗಂಟಲು ಒಣಗುವ ಸರಿ ಮಧ್ಯದಲ್ಲಿ, ಒಂದು ಕಲ್ಲಿನ ಅರವಟ್ಟಿಗೆ ಇತ್ತು. ಕಟ್ಟಿಸಿದ ಹಿರಿಯರು ಲೋಕ ಕಂಡವರು. ನೀರು ಹೊಯ್ಯುವವರು ಒಳಗೆ, ಕುಡಿಯುವವರು ಹೊರಗೆ, ನಡುವೆ ಗೋಡೆ. ಗೋಡೆಯಲ್ಲಿ ಮೊಳದಗಲದ ಒಂದು ಕಂಡಿ; ಕಂಡಿಯಿಂದ ಹೊರಕ್ಕೆ ಚಾಚಿದ ಸೀಳುಬಿದಿರಿನ ದೋಣಿ. ಒಳಗಿನವರು ಗಿಂಡಿಯಿಂದ ದೋಣಿಗೆ ನೀರು ಬಿಟ್ಟರೆ ಅದು ಹರಿದು ಹೊರಗಿನವರ ಬೊಗಸೆಗೆ ಬೀಳಬೇಕು. ಒಳಗೆ ಕೂತವರಿಗೆ ಕಾಣುವುದು ಎರಡು ಕೈ, ಅಷ್ಟೇ. ಮುಖ ಕಾಣದು, ಊರು ಕಾಣದು, ಕುಲ ಕಾಣದು. ಗೌಡನೂ ಆ ದೋಣಿಗೇ ಬಗ್ಗಬೇಕು, ಕುರಿ ಹೊಡಕೊಂಡು ಬಂದವನೂ ಆ ದೋಣಿಗೇ ಬಗ್ಗಬೇಕು.

ಕರಿಬಸಮ್ಮ ಆ ಕಂಡಿಯ ಹಿಂದೆ ಹದಿಮೂರು ಬೇಸಿಗೆ ಕೂತಿದ್ದಳು. ಶಿವರಾತ್ರಿಯ ಮಾರನೆಯ ದಿನ ಬಂದು ಕೂತರೆ ಮುಂಗಾರಿನ ಮೊದಲ ಹನಿ ಬಿದ್ದ ಮೇಲೇ ಏಳುವುದು. ಕೈಗಳನ್ನು ನೋಡಿ ನೋಡಿ ಅವಳಿಗೆ ಕೈಗಳೇ ಮುಖಗಳಾಗಿದ್ದವು. ಉಣ್ಣೆ ಕತ್ತರಿಸುವವನ ದಪ್ಪ ಹೆಬ್ಬೆರಳು, ಕಾಯಿ ಸುಲಿಯುವವನ ಸೀಳು ಅಂಗೈ, ಬೀರೂರು ಸ್ಟೇಷನ್ನಿನಲ್ಲಿ ಇದ್ದಿಲು ಎತ್ತುವವನ ಕಪ್ಪು ಉಗುರು, ಹೊಸದಾಗಿ ಗಂಡನ ಮನೆಗೆ ಹೊರಟವಳ ಅರಿಶಿನ.

ನೀರಿಗೆ ಅವಳ ಅಳತೆ ಒಂದು ಪದ್ಯ. ಅವಳಪ್ಪ ಮಠದಲ್ಲಿ ಪುರಾಣ ಓದುತ್ತಿದ್ದವನು. ಹುಡುಗಿಯಾಗಿದ್ದಾಗ ಕಂಬಕ್ಕೆ ಒರಗಿ ಕೇಳುತ್ತ ಕೇಳುತ್ತ ನಿದ್ದೆ ಹೋದವಳಿಗೆ ನಿದ್ದೆಯಲ್ಲೂ ಪ್ರಾಸ ತಪ್ಪಿದರೆ ಎಚ್ಚರವಾಗುತ್ತಿತ್ತಂತೆ. ಅಪ್ಪನೇ ಕಟ್ಟಿದ ಆರು ಸಾಲಿನ ಒಂದು ಪದ್ಯ ಅವಳ ನಾಲಿಗೆಯ ಮೇಲಿತ್ತು. ಮೊದಲ ಮೂರು ಸಾಲಿನಲ್ಲಿ ಗಂಗೆ ಆಕಾಶದಿಂದ ಧುಮುಕಿ ಶಿವನ ಜಟೆಯಲ್ಲಿ ಸಿಕ್ಕಿಕೊಳ್ಳುತ್ತಾಳೆ. ಉಳಿದ ಮೂರರಲ್ಲಿ ಜಟೆ ಬಿಚ್ಚಿ, ನೆಲಕ್ಕೆ ಬಂದು, ಬಾಯಾರಿದವರ ಬೊಗಸೆ ತುಂಬುತ್ತಾಳೆ. ಪದ್ಯ ಶುರುವಾದರೆ ಗಿಂಡಿ ಬಾಗಬೇಕು, ಮುಗಿದರೆ ನೆಟ್ಟಗಾಗಬೇಕು. ಮನುಷ್ಯನ ಬಾಯಾರಿಕೆ ಆರು ಸಾಲಿಗಿಂತ ದೊಡ್ಡದಲ್ಲ ಎಂಬುದು ಅವಳು ಕಂಡುಕೊಂಡ ಲೆಕ್ಕ.

ಹೊತ್ತು ಮುಳುಗುವಾಗ, ದಾರಿ ಖಾಲಿಯಾದ ಮೇಲೆ, ಕೊನೆಯ ಒಂದು ಗಿಂಡಿಯನ್ನು ಯಾರ ಕೈಯೂ ಇಲ್ಲದ ದೋಣಿಗೆ ಹೊಯ್ದು, ಪದ್ಯ ಪೂರ್ತಿ ಹೇಳಿ, ಕಣ್ಣಿಗೊತ್ತಿಕೊಂಡು ಏಳುವಳು. ಅದು ಗಂಡ ತೀರ್ಥಪ್ಪನ ಪಾಲು.

ಪ್ಲೇಗಿನ ವರ್ಷ ತೀರ್ಥಪ್ಪನನ್ನು ಊರಾಚೆಯ ಗುಡಾರದಲ್ಲಿ ಹಾಕಿದ್ದರು. ಇವಳು ನೀರಿನ ಬಿಂದಿಗೆ ಎತ್ತಿಕೊಂಡು ಬೇಲಿಯ ತನಕ ಹೋದಳು. ಒಳಗಿಂದ ಅವನು "ನೀರು, ನೀರು" ಅನ್ನುವುದು ಕೇಳಿಸುತ್ತಿತ್ತು. ಕಾವಲಿನವನು ತಲೆ ಎತ್ತದೆ "ಚೀಟಿ?" ಅಂದ. ಕೆಟ್ಟವನೇನಲ್ಲ, ಅವನಿಗೆ ಹೇಳಿಕೊಟ್ಟಿದ್ದು ಅಷ್ಟು. ಇವಳು ಓಡಿದಳು. ಶಾನುಭೋಗರನ್ನು ಹುಡುಕಿ, ಕೈಕಾಲು ಹಿಡಿದು, ಚೀಟಿ ಬರೆಸಿಕೊಂಡು ಒಂದು ಕೈಯಲ್ಲಿ ಚೀಟಿ, ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಬರುವಷ್ಟರಲ್ಲಿ ಅವನನ್ನು ಚಾಪೆಯಲ್ಲಿ ಸುತ್ತಿದ್ದರು.

ಆಮೇಲೆ ಅವಳು ಮಠದ ಗದ್ದುಗೆಯ ಮುಂದೆ ಒಂದು ಮಾತು ಕೊಟ್ಟಳು. ನೀರು ಕೇಳಿ ಬಂದವರನ್ನು ನಾನು ಇನ್ನೇನನ್ನೂ ಕೇಳುವುದಿಲ್ಲ. ಯಾರು ಬಲ್ಲರು, ಬಂದ ಕೈ ಅವನದೇ ಆಗಿದ್ದರೆ?

ದೊಡ್ಡ ಯುದ್ಧ ಮುಗಿದು ನಾಲ್ಕು ವರ್ಷಕ್ಕೆ ಸರ್ಕಾರದ ಕಾಗದ ಬಂತು. ಅರವಟ್ಟಿಗೆಯನ್ನು ನಡೆಸುತ್ತಿದ್ದದ್ದು ಸುತ್ತಲ ನಾಲ್ಕು ಹಳ್ಳಿಯವರು ಸೇರಿ ಮಾಡಿಕೊಂಡಿದ್ದ ಧರ್ಮಸಭೆ. ಮೈಲಿಯಾಚೆಯ ಬಾವಿಯಿಂದ ಪೀಪಾಯಿಯಲ್ಲಿ ನೀರು ತರುವ ಗಾಡಿಯ ಬಾಡಿಗೆ, ಕರಿಬಸಮ್ಮನ ರಾಗಿ, ಎರಡಕ್ಕೂ ಸರ್ಕಾರದಿಂದ ಸಹಾಯ ಬರುತ್ತಿತ್ತು. ಸಭೆಯ ಯಜಮಾನ ಈರಭದ್ರಪ್ಪ, ತೆಂಗಿನ ತೋಟದವನು, ನಿಷ್ಠಾವಂತ, ಸುಳ್ಳು ಹೇಳದವನು, ಅರವಟ್ಟಿಗೆಯ ಜಗುಲಿಯಲ್ಲಿ ಕೂತು ಕಾಗದವನ್ನು ಎರಡು ಸಲ ಓದಿದ.

"'ಮಿತವ್ಯಯದ ನಿಮಿತ್ತ' ಅಂದ್ರೇನ್ರೀ ಯಜಮಾನ್ರೇ?" ಗಾಡಿಯ ರೇವಣಪ್ಪ ಕೇಳಿದ.

"ದುಡ್ಡಿಲ್ಲ ಅಂತ ಕಣೋ."

"ಅಷ್ಟು ಹೇಳಾಕೆ ಇಷ್ಟು ದೊಡ್ಡ ಹಾಳೆ, ಮ್ಯಾಲೊಂದು ಮುದ್ರೆ! ಮಿತವ್ಯಯ ಅಲ್ಲಿಂದ್ಲೇ ಶುರು ಮಾಡ್ಬೋದಿತ್ತಲ್ಲ."

"ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಕಣಪ್ಪಾ."

"ಹಾಸಿಗೇನೇ ಎಳ್ಕೊಂಡ್ಬಿಟ್ರಲ್ಲ, ಕಾಲು ಎಲ್ಲಿ ಚಾಚಾದು, ನಿಮ್ಮ ಹೆಗಲ ಮ್ಯಾಲಾ?"

ನಕ್ಕರು. ಆ ದಿನ ನಕ್ಕಿದ್ದು ಅಷ್ಟೇ.

ಕರಿಬಸಮ್ಮ ಕಂಡಿಯ ಒಳಗಿಂದಲೇ ಹೇಳಿದಳು: "ನನ್ನ ರಾಗಿ ಬಿಟ್ಬಿಡಿ ಯಜಮಾನ್ರೇ. ಒಂದು ಹೊಟ್ಟೆ ಎಲ್ಲಾದ್ರೂ ತುಂಬುತ್ತೆ. ಗಾಡಿ ನಿಲ್ಲಿಸ್ಬೇಡಿ."

ರಾಗಿ ನಿಂತಿತು. ಮಧ್ಯಾಹ್ನದ ಮಜ್ಜಿಗೆ ನಿಂತಿತು. ಗಾಡಿ ಎರಡು ಸುತ್ತು ಬರುತ್ತಿದ್ದದ್ದು ಒಂದೇ ಸುತ್ತಾಯಿತು. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂದು ನಾಲ್ಕು ಹಳ್ಳಿಯೂ ಸರದಿಯ ಮೇಲೆ ಎತ್ತು ಕಳಿಸುವುದೆಂದು ತೀರ್ಮಾನವಾಯಿತು. ನೀರು ಅರ್ಧವಾದ ಮೇಲೆ ಅಳತೆಯೂ ಅರ್ಧವಾಗಲೇಬೇಕಲ್ಲ. "ಇನ್ನು ಮೂರು ಸಾಲಿಗೆ ನಿಲ್ಲಿಸ್ಬಿಡು ಕರಿಬಸಮ್ಮಾ" ಎಂದು ಈರಭದ್ರಪ್ಪ ನೆಲ ನೋಡುತ್ತ ಹೇಳಿದ. ಅವನೂ ಪುರಾಣ ಕೇಳಿ ಬೆಳೆದವನು. ಪದ್ಯವನ್ನು ನಡುವೆ ಕಡಿಯುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು.

ಮೊದಲ ದಿನ ಅವಳ ನಾಲಿಗೆ ನಿಲ್ಲಲಿಲ್ಲ. ಗಿಂಡಿ ನೆಟ್ಟಗಾದ ಮೇಲೂ ಉಳಿದ ಮೂರು ಸಾಲನ್ನು ತುಟಿಯೊಳಗೇ ಹೇಳಿಕೊಂಡಳು. ಹೊರಗಿನ ಬೊಗಸೆ ಖಾಲಿ ಚಾಚಿಕೊಂಡೇ ಇತ್ತು. ಎರಡನೆಯ ದಿನ ಅದನ್ನೂ ಬಿಟ್ಟಳು. ಗಂಗೆ ದಿನವಿಡೀ ಬಂದು ಬಂದು ಜಟೆಯಲ್ಲೇ ಕೂತಳು; ಸಂಜೆಯ ಕೊನೆಯ ಗಿಂಡಿಗೆ ಮಾತ್ರ ಇಳಿದು ಬಂದಳು.

ಮರುವರ್ಷ ಎರಡು ಹಳ್ಳಿಯವರು ಸರದಿಗೆ ಎತ್ತು ಕಳಿಸಲಿಲ್ಲ. ಎತ್ತಿಗೆ ಕಾಲು ನೋವು, ಆಳಿಗೆ ಜ್ವರ, ಮನೆಯಲ್ಲಿ ಮದುವೆ. ಆದರೆ ಅವರ ಜನ ದಾರಿ ನಡೆಯುವುದನ್ನು ನಿಲ್ಲಿಸಲಿಲ್ಲ, ನೀರು ಕುಡಿಯುವುದನ್ನೂ ನಿಲ್ಲಿಸಲಿಲ್ಲ. ಸಂತೆಗೆ ತುಪ್ಪ ಹೊರುವ ಶಂಕರಮ್ಮ ಒಂದು ದಿನ ಕಂಡಿಯ ಮುಂದೆ ನಿಂತು ದಾರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ನಮ್ಮೆತ್ತು ನಾಲಿಗೆ ಚಾಚ್ಕೊಂಡು ಎಳೆಯಾದು, ಆ ಊರಿನ ಬಿಕನಾಸಿಗಳು ಬಂದು ಗಟಗಟ ಕುಡಿಯಾದು. ಯಾವ ಧರ್ಮ ಕಣೇ ಇದು? ನೀನು ಒಳಗೆ ಕೂತು ಪದ್ಯ ಹೇಳ್ಕೊಂಡಿರು, ಪುಣ್ಯ ನಿಂಗೆ, ಬೆವರು ನಮ್ಗೆ!"

ಮಾತಿನಲ್ಲಿ ಸುಳ್ಳಿರಲಿಲ್ಲ. ಉಳಿದ ಎರಡು ಹಳ್ಳಿಯವರೂ ಗೊಣಗಿದರು. ಆಗ ಧರ್ಮಸಭೆ ಕೂಡಿ ಒಂದು ದಾರಿ ಕಂಡುಕೊಂಡಿತು. ಸರದಿ ಹೊರುವ ಮನೆಗೊಂದು ಬಿಲ್ಲೆ. ಕಡೂರಿನ ತಗಡಿನವನು ಸೀಮೆಎಣ್ಣೆ ಡಬ್ಬ ಕತ್ತರಿಸಿ ರೂಪಾಯಿಯಗಲ ಬಿಲ್ಲೆ ಮಾಡಿಕೊಟ್ಟ. ಬಿಲ್ಲೆ ತೋರಿಸಿದವರಿಗೆ ನೀರು.

"ತೋರಿಸದವ್ರಿಗೆ?" ಕರಿಬಸಮ್ಮ ಕೇಳಿದಳು.

ಈರಭದ್ರಪ್ಪ ಶಲ್ಯದಿಂದ ಕುತ್ತಿಗೆ ಒರೆಸಿಕೊಂಡ. "ನೀನೇ ಯೋಚ್ನೆ ಮಾಡು. ಹೀಗೆ ಬಿಟ್ರೆ ಈ ಎರಡು ಹಳ್ಳೀನೂ ಕೈ ಬಿಡ್ತವೆ. ಆಮೇಲೆ ಬಾಗಿಲಿಗೆ ಬೀಗ. ಯಾರಿಗೂ ಇಲ್ಲ ಅನ್ನೋದಕ್ಕಿಂತ ಕೆಲವ್ರಿಗಾದ್ರೂ ಇದೆ ಅನ್ನೋದು ಮೇಲಲ್ವಾ?"

"ನಾನು ಕೇಳೋದಿಲ್ಲ ಅಂತ ಮಾತು ಕೊಟ್ಟಿದೀನಿ."

"ಹೆಸರು ಕೇಳ್ಬೇಡ. ಊರು ಕೇಳ್ಬೇಡ. ಬಿಲ್ಲೆ ಒಂದು ಕೇಳು. ಅದು ಮನುಷ್ಯನ್ನ ಕೇಳಿದ ಹಾಗಲ್ಲ, ತಗಡು ಕೇಳಿದ ಹಾಗೆ."

ಅವಳು ಎದ್ದು ಹೋಗಬಹುದಿತ್ತು. ಹೋದರೆ ಆ ಜಾಗದಲ್ಲಿ ಇನ್ನೊಬ್ಬರು ಕೂರುತ್ತಾರೆ; ಅವರಿಗೆ ಪದ್ಯವೂ ಗೊತ್ತಿರುವುದಿಲ್ಲ, ಸಂಜೆಯ ಗಿಂಡಿಯೂ ಗೊತ್ತಿರುವುದಿಲ್ಲ. ಕಂಡಿ ಬಿಟ್ಟರೆ ತೀರ್ಥಪ್ಪ ಎಲ್ಲಿಗೆ ಬಂದು ಕೈ ಚಾಚಬೇಕು? ಕೊಟ್ಟ ಮಾತಿಗೆ ಒಂದು ಚಿಕ್ಕ ತೂತು ಬಿದ್ದರೂ ಮಾತು ಮಾತೇ ಅಲ್ಲವೇ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಳು. ಹೂಂ ಅಂದಳು.

ಮೊದಮೊದಲು ಕೇಳುವ ಕೆಲಸವನ್ನು ರೇವಣಪ್ಪನೇ ವಹಿಸಿಕೊಂಡ. ಹೊರಗೆ ನಿಂತು, "ಏನಪ್ಪಾ, ಕೊರಳಲ್ಲಿ ಲಿಂಗ ಇದ್ರೆ ಸಾಲ್ದು, ಸೊಂಟದಲ್ಲಿ ತಗಡೂ ಇರ್ಬೇಕು!" ಎಂದು ನಗಿಸಿ ಕಳಿಸುತ್ತಿದ್ದ. ಅವನು ಬಾವಿಗೆ ಹೋದ ಹೊತ್ತಿನಲ್ಲಿ ಎರಡು ಸಲ ಬಿಲ್ಲೆಯಿಲ್ಲದ ಕೈ ಬಂದಾಗ ಕರಿಬಸಮ್ಮ ಕಣ್ಣು ಮುಚ್ಚಿ ಹೊಯ್ದುಬಿಟ್ಟಳು. ಶಂಕರಮ್ಮ ನೋಡಿದ್ದಳು. ಮಾರನೆಯ ದಿನ ಈರಭದ್ರಪ್ಪ ಬಂದು ಜೋರು ಮಾಡಲಿಲ್ಲ, ಬೀಗದ ಕೈ ತೋರಿಸಿದ. "ಇನ್ನೊಂದ್ಸಲ ಹಿಂಗಾದ್ರೆ ಹಳ್ಳಿಯವ್ರು ನನ್ನ ಮಾತು ಕೇಳಲ್ಲ ತಾಯೀ. ನನ್ನ ಕೈಲೇ ಬೀಗ ಹಾಕಿಸ್ಬೇಡ."

ಚೈತ್ರ ಕಳೆದು ಬಿಸಿಲು ಕಲ್ಲು ಸೀಳುವ ಹಾಗಿತ್ತು. ಸಂತೆಯ ದಿನ. ಗಾಡಿಯ ಅಚ್ಚು ಮುರಿದು ರೇವಣಪ್ಪ ಬಾವಿಯ ಹತ್ತಿರವೇ ಉಳಿದಿದ್ದ. ಗುಡಾಣದಲ್ಲಿ ಅರ್ಧಕ್ಕಿಂತ ಕಮ್ಮಿ ನೀರು. ಸಂತೆಯಿಂದ ತಿರುಗುವ ಬಿಲ್ಲೆಯವರು ಇಪ್ಪತ್ತಕ್ಕೂ ಹೆಚ್ಚು.

ಕಂಡಿಯಲ್ಲಿ ಎರಡು ಕೈ ಬಂದವು.

ಮುದಿಕೈ. ಯಾವ ಕಸುಬಿನದೆಂದು ಅವಳಿಗೆ ಹೇಳಲಾಗಲಿಲ್ಲ. ಗೆಣ್ಣುಗಳ ಮೇಲೆ ಕೆಂಪು ಧೂಳು, ಬಲಗೈ ಕಿರುಬೆರಳು ಒಂದಿಷ್ಟು ಸೊಟ್ಟಗೆ. ಬಿಲ್ಲೆ ಇರಲಿಲ್ಲ. ಅವಳ ಕೈ ಗಿಂಡಿಗೆ ಹೋಯಿತು. ಪದ್ಯದ ಮೊದಲ ಅಕ್ಷರ ತುಟಿಗೆ ಬಂತು. ಗುಡಾಣ ನೋಡಿದಳು, ದಾರಿಯ ಕಡೆಯಿಂದ ಶಂಕರಮ್ಮನ ದನಿಯ ಹಾಗೆ ಏನೋ ಕೇಳಿಸಿತು.

"ಬಿಲ್ಲೆ?" ಅಂದಳು.

ಬೊಗಸೆ ಹಾಗೇ ಇತ್ತು, ಮಾತು ಅರ್ಥವಾಗದವರ ಹಾಗೆ. ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಎರಡು ಅಂಗೈಯೂ ಕೂಡಿ, ಕಂಡಿಗೆ ಒಂದು ನಮಸ್ಕಾರ ಮಾಡಿದವು. ಹಿಂದಕ್ಕೆ ಸರಿದವು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಕೂತಲ್ಲಿ ಮರಗಟ್ಟಿದ್ದ ಕಾಲನ್ನು ಎಳೆದುಕೊಂಡು, ಗಿಂಡಿ ತುಂಬಿಕೊಂಡು, ಬಾಗಿಲು ಸುತ್ತಿ ಹೊರಗೆ ಬರುವಷ್ಟರಲ್ಲಿ ಗೋಡೆಯ ಪಕ್ಕ ಯಾರೂ ಇರಲಿಲ್ಲ. ಸಂತೆಗೆ ಹೋಗುವ ಕುರಿಮಂದೆಯೊಂದು ಆಗಷ್ಟೇ ದಾಟಿ ದಾರಿಯೆಲ್ಲ ಧೂಳು. "ಅಪ್ಪಾ! ನಿಂತ್ಕೊಳ್ರಪ್ಪಾ! ನೀರು ತಂದಿದೀನಿ!" ಕೂಗುತ್ತ ಹೋದಳು. ಅಂಗೈಯಿಂದ ಗಿಂಡಿಯ ಬಾಯಿ ಮುಚ್ಚಿಕೊಂಡು ಕವಲು ದಾರಿಯ ಕಲ್ಲಿನ ತನಕ ಓಡಿದಳು. ಒಂದು ದಾರಿ ಕಡೂರಿಗೆ, ಒಂದು ಬೀರೂರಿಗೆ. ಎರಡರಲ್ಲೂ ಕುರಿಗೊರಸಿನ ಗುರುತು, ಮನುಷ್ಯನ ಹೆಜ್ಜೆ ಎಲ್ಲೂ ಇಲ್ಲ. ಕುರಿಯವನೊಬ್ಬ ಸಿಕ್ಕಿದ.

"ಒಬ್ಬ ಮುದುಕಪ್ಪ ಹೋಗಿದ್ದು ಕಂಡ್ರಾ?"

"ಎಂಥ ಮುದುಕ, ಯಾವೂರೋನು?"

ಅವಳು ಬಾಯಿ ತೆರೆದಳು. ಅವಳು ಕಂಡದ್ದು ಎರಡು ಕೈ. "ಕಿರುಬೆರಳು ಸೊಟ್ಟಗಿತ್ತು" ಅಂದಳು. ಕುರಿಯವನು ಅವಳ ಮುಖ ನೋಡಿ, ಬಿಸಿಲು ತಲೆಗೆ ಹತ್ತಿದೆ ಎಂದುಕೊಂಡು, "ಹೋಗಿ ನೆರಳಿಗೆ ಕೂತ್ಕೊಳವ್ವಾ" ಅಂದ.

ತಿರುಗಿ ಬಂದಳು. ಗಿಂಡಿಯಲ್ಲಿ ಉಳಿದಿದ್ದ ನೀರನ್ನು ನೆಲಕ್ಕೆ ಚೆಲ್ಲಲು ಕೈ ಬರಲಿಲ್ಲ. ಗುಡಾಣಕ್ಕೇ ಹೊಯ್ದಳು. ಅದು ಬಿಲ್ಲೆಯವರ ನೀರು.

ಆ ಸಂಜೆ ಕೊನೆಯ ಗಿಂಡಿ ಹೊಯ್ಯಲಿಲ್ಲ. ಆಗಲಿಲ್ಲ. ಯಾವ ಮುಖ ಇಟ್ಟುಕೊಂಡು?

ಮುದುಕನ ಸುದ್ದಿ ಎಲ್ಲಿಂದಲೂ ಬರಲಿಲ್ಲ. ಸತ್ತನೆಂದೂ ಯಾರೂ ಹೇಳಲಿಲ್ಲ, ಬದುಕಿದನೆಂದೂ ಯಾರೂ ಹೇಳಲಿಲ್ಲ. ಕರಿಬಸಮ್ಮ ತಾನು ಮಾಡಿದ್ದನ್ನು ಹೇಳಿಕೊಂಡಾಗ ಈರಭದ್ರಪ್ಪ, "ನೀನು ಸಭೆಯ ಮಾತು ನಡೆಸಿದೆ. ಪಾಪ ಬಂದ್ರೆ ನಮ್ಮೆಲ್ರಿಗೂ ಬರ್ಲಿ" ಅಂದ. ಹಂಚಿಕೊಂಡರೆ ಕಮ್ಮಿಯಾಗುವುದು ನೀರು, ಪಾಪವಲ್ಲ ಎಂದು ಅವಳಿಗೆ ಅನಿಸಿತು.

ಮರುದಿನದಿಂದ ಬಿಲ್ಲೆ ಕೇಳುವುದು ಸುಲಭವಾಯಿತು. ಇದೇ ಅವಳಿಗೆ ಆಶ್ಚರ್ಯ. ಒಮ್ಮೆ ಕೇಳಿದ ಮೇಲೆ ಎರಡನೆಯದಕ್ಕೆ ಬೆಲೆಯೇ ಇಲ್ಲ. ರೇವಣಪ್ಪ ಹೊರಗೆ ನಿಲ್ಲುವ ಅಗತ್ಯ ಬೀಳಲಿಲ್ಲ. ಬಿಲ್ಲೆಯಿಲ್ಲದವರು ನಾಲ್ಕು ದಿನ ಬೈದರು, ಐದನೆಯ ದಿನದಿಂದ ಆ ಕಡೆ ನೋಡದೆ ನಡೆದರು. ಶಂಕರಮ್ಮನೂ ಮೆಚ್ಚಿ, "ಈಗ ಸರಿಹೋದೆ ನೋಡು, ನಿಂಗೂ ಬುದ್ಧಿ ಬಂತು" ಎಂದು ಒಂದು ಉಂಡೆ ಬೆಣ್ಣೆ ಕೊಟ್ಟು ಹೋದಳು. ಧರ್ಮಸಭೆಯವರು ಮೇಲಕ್ಕೆ ಬರೆದರು: ತಮ್ಮ ಸಹಾಯವಿಲ್ಲದೆಯೂ ಅರವಟ್ಟಿಗೆ ನಡೆಯುತ್ತಿದೆ. ಮೇಲಿನಿಂದ ಉತ್ತರ ಬಂತು, ಬಹಳ ಸಂತೋಷವೆಂದು. ಸಹಾಯ ಮತ್ತೆ ಕೊಡುವ ಮಾತು ಅದರಲ್ಲಿರಲಿಲ್ಲ. ನಡೆಯುತ್ತಿರುವುದಕ್ಕೆ ಯಾಕೆ ಕೊಡಬೇಕು?

ವೈಶಾಖದ ಕೊನೆಗೆ ಆಕಾಶದ ಅಂಚಿನಲ್ಲಿ ಮೋಡ ಕಂಡಿತು. ಈ ವರ್ಷದ ಕೂರುವಿಕೆ ಮುಗಿಯಿತೆಂದು ಅವಳು ಗಿಂಡಿ ಬೆಳಗಿದಳು. ಅಂದಿನಿಂದ ನಿಂತೇಹೋಗಿದ್ದ ಗಂಡನ ಪಾಲನ್ನು ಒಂದು ಸಲವಾದರೂ ಕೊಡದೆ ಎದ್ದರೆ ಹೇಗೆ? ತನ್ನ ಕುಡಿಯುವ ನೀರನ್ನೇ ಉಳಿಸಿ ಗಿಂಡಿಗೆ ತುಂಬಿಕೊಂಡಳು. ದಾರಿ ಖಾಲಿ. ದೋಣಿಯ ತುದಿಯಲ್ಲಿ ಸಂಜೆಯ ಕೆಂಪು. ಕಣ್ಣು ಮುಚ್ಚಿದಳು. ಗಿಂಡಿ ಬಾಗಿತು.

ಒಂದನೆಯ ಸಾಲು ಬಂತು, ಅಪ್ಪನ ದನಿಯಲ್ಲೇ ಬಂತು. ಎರಡನೆಯದು ಬಂತು. ಮೂರನೆಯದರ ಕೊನೆಗೆ ಗಿಂಡಿ ತಾನಾಗಿ ನೆಟ್ಟಗಾಯಿತು. ಅವಳು ಬಲವಂತ ಮಾಡಿ ಮತ್ತೆ ಬಾಗಿಸಿ, ನಾಲ್ಕನೆಯ ಸಾಲಿಗೆ ಬಾಯಿ ತೆರೆದಳು. ಗಂಗೆ ಜಟೆಯಿಂದ ಇಳಿಯಬೇಕು. ತೆರೆದ ಬಾಯಿ ತೆರೆದೇ ಇತ್ತು. ಹೊರಗೆ, ಯಾರೂ ಇಲ್ಲದ ಕಡೆ, ಯಾರೋ ಬೊಗಸೆ ಹಿಡಿದು ಕಾದಿರುವ ಹಾಗಿತ್ತು.

"ಬಿಲ್ಲೆ?" ಅಂದಿತು ಅವಳ ನಾಲಿಗೆ.