ನಮ್ಮ ಕಡೆಯ ದನಿ

ಕಾಶವ್ವ ಗಂಡನ ಹಣೆಗೆ ವಿಭೂತಿ ಹಚ್ಚುವಾಗ ಮೂರನೆಯ ಪಟ್ಟೆ ಡೊಂಕಾಯಿತು. ಒರೆಸಿ ಮತ್ತೆ ಹಚ್ಚಿದಳು. ಚನ್ನವೀರನನ್ನು ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದ್ದರು. ತಲೆ ವಾಲದಂತೆ ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟಿದ್ದರು. ಮರಾಠಿ ನಾಡಿನ ಕೋಥರೂಡದ ಆ ಸಣ್ಣ ಮನೆಯಲ್ಲಿ ಭಜನೆಯವರಿಗೇ ಜಾಗ ಸಾಲದು. ಆದರೂ ಮೆಟ್ಟಿಲ ಮೇಲೆ ಚಪ್ಪಲಿಗಳು ಹೆಚ್ಚುತ್ತಲೇ ಇದ್ದವು.

ಜನ ಬಂದಷ್ಟೂ ಅವಳಿಗೆ ದಿಗಿಲು. ಇವತ್ತೊಂದು ದಿನ ಯಾರೂ ಆ ಮಾತು ಎತ್ತದಿರಲಿ, ಮರ್ಯಾದೆಯಿಂದ ಮಣ್ಣಿಗೆ ಹೋಗಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

*

ಹೋದ ವರ್ಷ ಒಂದು ಮಧ್ಯಾಹ್ನ ಫೋನು ಬಂದಿತ್ತು.

"ಅಜ್ಜಾರ, ಆರಾಮ ಅದೀರೇನ್ರಿ? ಊಟ ಆತೇನ್ರಿ?"

ಖಡಕಿಯ ಕಾರ್ಖಾನೆಯಲ್ಲಿ ಮರಾಠಿ, ಹಿಂದಿಯಲ್ಲೇ ದುಡಿದು ನಿವೃತ್ತನಾದ ಮನುಷ್ಯ ಆ ಮಾತು ಕೇಳಿ ಕರಗಿಹೋದ. ಬ್ಯಾಂಕಿನಿಂದ ಎಂದಿತು ದನಿ. ಇವನು ಕೇಳಿದ್ದು ಯಾವೂರು ತಮ್ಮಾ ಎಂದಷ್ಟೆ. ನವಲಗುಂದದ ಕಡೆಯಂತೆ. ಆಮೇಲೆ ಅವನು ಕೇಳಿದ ಅಂಕಿಗಳನ್ನೆಲ್ಲ ಇವನು ಕನ್ನಡದಲ್ಲೇ ಓದಿ ಹೇಳಿದ್ದ.

ಸಂಜೆ ಮಗಳು ರೇಣು ಬಂದವಳೇ ಸೈಬರ್ ಮೋಸದ ಸಹಾಯವಾಣಿ ೧೯೩೦ಕ್ಕೆ ಫೋನು ಮಾಡಿಸಿ, ಬ್ಯಾಂಕಿಗೆ ತಿಳಿಸಿ, ಪೊಲೀಸರಿಗೆ ದೂರು ಕೊಡಿಸಿದಳು. ಖಾತೆಯಿಂದ ಹೋದ ಹಣದಲ್ಲಿ ಸ್ವಲ್ಪ ತಡೆಹಿಡಿಯಲು ಆಯಿತು. ಕಾಶವ್ವ ಗಂಡನಿಗೆ ಹೇಳಿದ್ದು ಒಂದೇ ಮಾತು: "ಮಂದಿ ಮುಂದ ಬಾಯಿ ಬಿಡಬ್ಯಾಡ್ರಿ. ನಗತಾರ."

ಅವನು ತಲೆಯಾಡಿಸಿದ್ದ. ಅವಳು ಅಂದಿನಿಂದ ಕನ್ನಡ ಸಂಘದ ಕಡೆ ಕಾಲಿಟ್ಟಿರಲಿಲ್ಲ.

*

ಹಾರ ಹಾಕಿ ಬಂದ ಪಕ್ಕದ ಓಣಿಯ ಶರಣಮ್ಮ ಅವಳ ಕೈ ಹಿಡಿದುಕೊಂಡಳು.

"ನನಗೂ ಅಂಥಾದ್ದ ಫೋನ್ ಬಂದಿತ್ತವ್ವಾ. ನಿಮ್ಮ ಯಜಮಾನ್ರು ಹೇಳಿದ್ದು ನೆನಪಾತು, ಇಟ್ಟುಬಿಟ್ಟೆ."

"ಇವ್ರು ಏನ್ ಹೇಳಿದ್ರು?"

ಉತ್ತರ ಬಂದದ್ದು ಸಂಘದ ಹೊಳಬಸಪ್ಪನಿಂದ. ಸಭೆ ಮುಗಿಯುವ ಹೊತ್ತಿಗೆ ಚನ್ನವೀರ ಎದ್ದುನಿಂತು ತಾನು ಮೋಸಹೋದ ಕತೆಯನ್ನು ಫೋನು ಮಾಡಿದ ಹುಡುಗನ ದನಿಯನ್ನೂ ಅನುಕರಿಸಿ ಹೇಳುತ್ತಿದ್ದನಂತೆ. ಹೊಸಬರು ಬಂದರೆ ಮತ್ತೆ ಮೊದಲಿನಿಂದ.

"ನಾವು ನಕ್ಕೇವ್ರಿ, ಸುಳ್ಳ ಯಾಕ ಹೇಳ್ಲಿ. ನವಲಗುಂದದ ಬೀಗರು ಮತ್ತ ಫೋನ್ ಮಾಡಿದ್ರೇನು ಅಂತ ಕಾಡತಿದ್ವಿ. 'ನಗ್ರಿ, ನಕ್ಕಿದ್ದು ನೆನಪಿರತದ' ಅಂತಿದ್ರು. 'ಆದ್ರ ನಿಮಗ ಹಿಂಗಾದ್ರ ಮುಚ್ಚಿಡಬ್ಯಾಡ್ರಿ, ಆ ಕ್ಷಣಕ್ಕ ಕಂಪ್ಲೇಂಟ್ ಮಾಡ್ರಿ.'" ಹೊಳಬಸಪ್ಪನ ದನಿ ತಗ್ಗಿತು. "ಮನಿಯಾಗ ಮಾತ್ರ ಹೇಳಬ್ಯಾಡ್ರಿ ಅಂದಿದ್ರು. ಆಕಿ ನೊಂದ್ಕೋತಾಳ ಅಂತ."

ಕಾಶವ್ವ ಗಂಡನ ಮುಖವನ್ನೇ ನೋಡಿದಳು. ಒಂದು ವರ್ಷ ತಾನು ಬಚ್ಚಿಟ್ಟದ್ದನ್ನು ಈ ಮನುಷ್ಯ ಊರಿಗೆಲ್ಲ ಹಂಚಿ ಬಂದಿದ್ದ.

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಬೆಳಗಿನಿಂದ ಅದರಿಂದಲೇ ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದ ರೇಣು ಎತ್ತಿದಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯಿತು. ಫೋನಿಗೆ ಅಂಗೈ ಮುಚ್ಚಿ ತಾಯಿಯ ಕಡೆ ತಿರುಗಿದಳು.

"ಹೋದ ರೊಕ್ಕ ವಾಪಸ್ ಕೊಡಸ್ತಾನಂತ. ಮೊದಲ ಫೀ ತುಂಬಬೇಕಂತ. ಫೋನ್ ಅಪ್ಪಾಗ ಕೊಡು ಅಂತಾನ. ಕಟ್ ಮಾಡ್ಲೇನು?"

"ಬ್ಯಾಡ," ಎಂದಳು ಕಾಶವ್ವ. "ಎಲ್ಲಾರಿಗೂ ಕೇಳೂಹಂಗ ಮಾಡು."

ಭಜನೆ ನಿಂತಿತು. ಮೆಟ್ಟಿಲ ಮೇಲಿದ್ದವರೂ ಬಾಗಿಲಿಗೆ ಬಂದರು. ಕಾಶವ್ವ ಫೋನು ಇಸಿದುಕೊಂಡು ಗಂಡನ ಮಂಡಿಯ ಬಳಿ, ಬಿಲ್ವಪತ್ರೆಯ ಮೇಲೆ ಇಟ್ಟಳು.

"ಅಜ್ಜಾರ, ಆರಾಮ ಅದೀರೇನ್ರಿ? ಊಟ ಆತೇನ್ರಿ?"

ಎಡಗೈಯಲ್ಲಿ ಲಿಂಗ ಹಿಡಿದು, ಗದ್ದ ಎತ್ತಿ ಕುಳಿತ ಚನ್ನವೀರ, ಹಿಂದಿನ ಸಾಲಿನವರಿಗೂ ಕೇಳಿಸಲಿ ಎಂದು ಕಾಯುತ್ತಿರುವಂತಿದ್ದ.